ಮಾಂಸಖಂಡ, ಮೇದಸ್ಸು ಮತ್ತು ಮಧುಮೇಹ

ಮಧುಮೇಹವು ಸ್ಥೂಲಕಾಯರಿಗೂ ಸಿರಿವಂತರಿಗೂ ಬರತಕ್ಕ ವ್ಯಾಧಿ, ತೆಳ್ಳಗಿನವರಿಗೆ ಅದರ ಭಯವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳನ್ನು ಬಲ್ಲವರು ಈ ನಂಬಿಕೆಯನ್ನು ಪುನಃ ಪರಿಶೀಲಿಸಬೇಕಾಗುತ್ತದೆ. ಅಲ್ಲಿ ಜಗಲಿಯ ಮೇಲೆ ಕುಳಿತು, ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟಿದ ಮಹಿಳೆಯರು ದಶಕಗಳ ಕಾಲ ಸಂಸಾರ ತೂಗಿಸಿದ್ದಾರೆ. ದುಡಿಮೆ ಕಠಿಣವೇ ಹೌದು. ಆದರೆ ಅಲ್ಲಿ ದುಡಿಯುವುದು ಬೆರಳುಗಳು. ದೇಹದ ಅತಿ ದೊಡ್ಡ ಸ್ನಾಯುಗಳಿರುವ ತೊಡೆ, ನಿತಂಬಗಳು ಗಂಟೆಗಟ್ಟಲೆ ನಿಶ್ಚಲ. ಅಡಿಕೆ ತೋಟದ ಯಜಮಾನರ ಸ್ಥಿತಿಯೂ ಬಹಳ ಬೇರೆಯಲ್ಲ. ಏತದಿಂದ ನೀರೆತ್ತಿ, ಗುಡ್ಡದಿಂದ ಸೊಪ್ಪಿನ ಹೊರೆ ಹೊತ್ತು ತರುತ್ತಿದ್ದ ಕಾಲ ಸಂದಿತು. ಈಗ ಪಂಪಿನ ಗುಂಡಿ ಒತ್ತಿದರೆ ತೋಟ ತೋಯುತ್ತದೆ. ಬಟ್ಟಲಿನ ಕುಚ್ಚಲಕ್ಕಿ ಅನ್ನ ಮಾತ್ರ ಅಜ್ಜನ ಅಳತೆಯದೇ.

ಸ್ನಾಯುವನ್ನು ನಾವು ಬಲದ ಅಂಗವೆಂದಷ್ಟೇ ತಿಳಿದಿದ್ದೇವೆ. ಅದು ಸಕ್ಕರೆಯ ಉಗ್ರಾಣವೂ ಹೌದು. ಇನ್ಸುಲಿನ್ನಿನ ಪ್ರೇರಣೆಯಿಂದ ರಕ್ತವನ್ನು ಬಿಟ್ಟು ಜೀವಕೋಶಗಳನ್ನು ಸೇರುವ ಗ್ಲೂಕೋಸಿನ ಬಹುಪಾಲನ್ನು ಸ್ನಾಯುಗಳೇ ಹೀರಿಕೊಳ್ಳುತ್ತವೆ. ಮೂವತ್ತು ದಾಟಿದ ಮೇಲೆ ಈ ಉಗ್ರಾಣ ದಶಕಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಕುಗ್ಗುತ್ತದೆ; ಅರವತ್ತರ ನಂತರ ಇಳಿತ ಇನ್ನೂ ತೀವ್ರ. ವಾರ್ಧಕ್ಯದ ಈ ಸ್ನಾಯುಕ್ಷಯಕ್ಕೆ 1980ರ ದಶಕದ ಕೊನೆಯಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅವರು ಸಾರ್ಕೊಪೀನಿಯ ಎಂದು ಹೆಸರಿಟ್ಟರು.

ಕುಗ್ಗಿದ ಸ್ನಾಯುವಿನ ಸ್ಥಾನಕ್ಕೆ ಬರುವುದು ಕೊಬ್ಬು. ಚರ್ಮದಡಿಯ ಕಣಜ ತುಂಬಿದ ಮೇಲೆ ಅದು ಹೊಟ್ಟೆಯೊಳಗೂ, ಯಕೃತ್ತಿನಲ್ಲೂ, ಸ್ನಾಯುತಂತುಗಳ ನಡುವೆಯೂ ನುಸುಳುತ್ತದೆ. ಅಲ್ಲಿ ಹುಟ್ಟುವ ಕೊಬ್ಬಿನ ಉಪವಸ್ತುಗಳು ಇನ್ಸುಲಿನ್ನಿನ ಸಂದೇಶ ಜೀವಕೋಶದೊಳಗೆ ಮುಂದುವರಿಯದಂತೆ ತಡೆಯುತ್ತವೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಕೆಲವು ವರ್ಷ ಸಂಭಾಳಿಸುತ್ತದೆ, ಕಡೆಗೆ ಸೋಲುತ್ತದೆ. ಸ್ನಾಯುವನ್ನು ಸವೆಯದಂತೆ ಕಾಯುವುದೂ ಇನ್ಸುಲಿನ್ನಿನ ಒಂದು ಕೆಲಸವಾದ್ದರಿಂದ ನಷ್ಟ ಇಮ್ಮಡಿಯಾಗುತ್ತದೆ.

"ನನ್ನ ತೂಕ ಇಪ್ಪತ್ತು ವರ್ಷಗಳಿಂದ ಬದಲಾಗಿಲ್ಲ" ಎಂದು ಹೆಮ್ಮೆಪಡುವ ಸ್ನೇಹಿತರುಂಟು. ಅವರ ಸೊಂಟಪಟ್ಟಿಯ ರಂಧ್ರಗಳು ಬೇರೆ ಸಾಕ್ಷ್ಯ ನುಡಿಯುತ್ತವೆ! 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ದೇಹಗಳ ಲೆಕ್ಕ ಕೊಟ್ಟರು. ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಕೊಬ್ಬಿನ ಪ್ರಮಾಣ ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2. ತೆಳ್ಳಗೆ ಕಾಣುವ ಭಾರತೀಯನ ಒಳಗುಟ್ಟು ಇದು. ಆದ್ದರಿಂದ ತಕ್ಕಡಿಗಿಂತ ಅಳತೆಪಟ್ಟಿ ನಂಬಲರ್ಹ: ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ರಕ್ತಪರೀಕ್ಷೆ ಮಾಡಿಸುವುದು ಲೇಸು.

ಕಳೆದುಕೊಂಡದ್ದನ್ನು ಮರಳಿ ಪಡೆಯಬಹುದೇ? 1990ರಲ್ಲಿ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ದುರ್ಬಲರಿಗೆ ಎಂಟು ವಾರ ಕಾಲಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿತು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯದೆಯೇ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ ಎಂಬುದೂ ಗಮನಾರ್ಹ. ಕಾಯಕ ಎಂಬ ಪದದಲ್ಲಿಯೇ ಕಾಯವಿದೆಯಲ್ಲವೆ? ಬೀಡಿ ಕಟ್ಟುವವರು, ಗುಮಾಸ್ತರು, ಉತ್ತರಪತ್ರಿಕೆ ತಿದ್ದುವ ನಮ್ಮ ಅಧ್ಯಾಪಕ ಮಿತ್ರರು ಅರ್ಧ ಗಂಟೆಗೊಮ್ಮೆಯಾದರೂ ಎದ್ದು, ಕೈಯಾಸರೆಯಿಲ್ಲದೆ ಕುರ್ಚಿಯಿಂದ ಹತ್ತು ಸಲ ಏಳುವುದನ್ನೂ ಕೂರುವುದನ್ನೂ ಅಭ್ಯಾಸ ಮಾಡಬಹುದು. ಗಂಜಿಯ ಜೊತೆಗೆ ಹುರುಳಿ, ಹೆಸರುಕಾಳು, ಮೊಸರು ಇರಲಿ; ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ಶಿಫಾರಸು. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ನಿಶ್ಚಯಿಸಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರೂ ಸಕ್ಕರೆ ಇಳಿಸುವ ಮಾತ್ರೆ ನುಂಗುವವರೂ ವ್ಯಾಯಾಮ ಆರಂಭಿಸುವ ಮುನ್ನ ವೈದ್ಯರಿಗೆ ತಿಳಿಸತಕ್ಕದ್ದು; ಸ್ನಾಯು ಎಚ್ಚೆತ್ತಾಗ ರಕ್ತದ ಸಕ್ಕರೆ ಅನಿರೀಕ್ಷಿತವಾಗಿ ಕುಸಿಯುವುದುಂಟು.