ವೇದಿಕೆಯಲ್ಲಿ ನಡುಗುವ ಕೈಗೆ ಮಾತ್ರೆ ಬೇಕೆ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 19 ವರ್ಷ. ಚಿಕ್ಕಂದಿನಿಂದ ವೀಣೆ ಕಲಿಯುತ್ತಿದ್ದಾಳೆ. ಮನೆಯಲ್ಲಿ ಚೆನ್ನಾಗಿಯೇ ನುಡಿಸುತ್ತಾಳೆ. ಹೋದ ಗಣೇಶೋತ್ಸವದಲ್ಲಿ ನಮ್ಮ ಬಡಾವಣೆಯ ಪೆಂಡಾಲಿನಲ್ಲಿ ವರ್ಣ ಶುರುಮಾಡುತ್ತಿದ್ದಂತೆ ಬೆರಳು ನಡುಗಿ ಗಮಕವೆಲ್ಲ ಕೆಟ್ಟುಹೋಯಿತು. ಕೆಳಗಿಳಿದು ಬಂದು ಅತ್ತುಬಿಟ್ಟಳು. ಈಗ ವಿದ್ವತ್ ಪರೀಕ್ಷೆ ಹತ್ತಿರವಾಗಿದೆ. ನನ್ನ ತಂಗಿ ಅರೆತಲೆನೋವಿಗೆ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಾಳೆ. ‘ಒಂದು ಮಾತ್ರೆ ಕೊಡಕ್ಕಾ, ಕೈ ನಡುಗೋದೇ ಇಲ್ಲ’ ಅನ್ನುತ್ತಾಳೆ. ಕೊಡಬಹುದೇ? ಮಗಳಿಗೆ ಚಿಕ್ಕವಳಿದ್ದಾಗ ಉಬ್ಬಸ ಇತ್ತು.
– ಒಬ್ಬ ತಾಯಿ, ಸಹಕಾರನಗರ

ಉತ್ತರ: ಕೊಡಬೇಡಿ. ನಿಮ್ಮ ಪತ್ರದ ಕೊನೆಯ ವಾಕ್ಯವೇ ಅದಕ್ಕೆ ಕಾರಣ. ಉಬ್ಬಸ ಇದ್ದವರಿಗೆ ಈ ಮಾತ್ರೆ ಶ್ವಾಸನಾಳಗಳನ್ನು ಬಿಗಿಸಬಲ್ಲದು. ಹತ್ತು ವರ್ಷದಿಂದ ಸುಮ್ಮನಿದ್ದ ಉಬ್ಬಸವೂ ಒಂದು ಮಾತ್ರೆಗೆ ಎದ್ದು ಕೂರಬಹುದು, ಆಗ ಇನ್ಹೇಲರ್ ಕೂಡ ಸರಿಯಾಗಿ ಕೆಲಸ ಮಾಡದು. ಧೂಳು, ಪಾರ್ಥೇನಿಯಂ ಪರಾಗಗಳ ನಮ್ಮ ಬೆಂಗಳೂರಿನಲ್ಲಿ ‘ಚಿಕ್ಕಂದಿನಲ್ಲಿ ಇತ್ತು, ಈಗಿಲ್ಲ’ ಎನ್ನುವ ಉಬ್ಬಸವನ್ನು ನಾನು ಎಂದೂ ಹಗುರವಾಗಿ ಎಣಿಸುವುದಿಲ್ಲ.

ನಿಮ್ಮ ತಂಗಿ ಹೇಳಿದ್ದು ಸುಳ್ಳಲ್ಲ. ಜನರೆದುರು ಕೂತಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಅದು ಹೃದಯವನ್ನು ಓಡಿಸುತ್ತದೆ, ಬೆರಳನ್ನು ನಡುಗಿಸುತ್ತದೆ. ಪ್ರೊಪ್ರನೊಲಾಲ್ ಆ ಅಡ್ರಿನಲಿನ್ ಕೂರುವ ಜಾಗವನ್ನು ಮೊದಲೇ ಹಿಡಿದು ಕೂರುತ್ತದೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಎದೆನೋವಿನ ರೋಗಿಗಳಿಗೆಂದು 1960ರ ದಶಕದಲ್ಲಿ ಇದನ್ನು ರೂಪಿಸಿದರು, 1988ರಲ್ಲಿ ಅವರಿಗೆ ನೊಬೆಲ್ ಬಂತು. ಪಾಶ್ಚಾತ್ಯ ಸಂಗೀತದ ಪಿಟೀಲುವಾದಕರಲ್ಲಿ, ಕಮಾನು ನಡುಗದಿರಲೆಂದು ಇದನ್ನು ನುಂಗಿ ವೇದಿಕೆ ಹತ್ತುವವರು ಬಹಳ ಕಾಲದಿಂದ ಇದ್ದಾರೆ.

ಆದರೆ ಅದು ತಡೆಯುವುದು ಎದೆಬಡಿತವನ್ನು, ನಡುಕವನ್ನು. ಅಂಗೈ ಬೆವರು, ಬಾಯಿ ಒಣಗುವುದು ನಿಲ್ಲುವುದಿಲ್ಲ. ‘ಮರೆತುಬಿಟ್ಟರೆ? ಮೇಷ್ಟ್ರು ಏನೆಂದುಕೊಳ್ಳುತ್ತಾರೆ?’ ಎಂಬ ಯೋಚನೆಯೂ ಹಾಗೇ ಇರುತ್ತದೆ. ಎದೆ ಶಾಂತವಾದದ್ದು ಕಂಡು ಮನಸ್ಸೂ ಸ್ವಲ್ಪ ಧೈರ್ಯ ತಂದುಕೊಳ್ಳುತ್ತದೆ, ಅಷ್ಟೇ.

ಹಾಗಾದರೆ ನಾನು ಯಾರಿಗೂ ಬರೆದುಕೊಡುವುದಿಲ್ಲವೇ? ಕೊಡುತ್ತೇನೆ, ಅಪರೂಪಕ್ಕೆ. ಉಬ್ಬಸ ಇರಬಾರದು, ನಾಡಿ ನಿಧಾನವಿರಬಾರದು, ಬಿ.ಪಿ. ತೀರಾ ಕಡಿಮೆ ಇರಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗ ಎಚ್ಚರಿಸುವುದೇ ನಡುಕ ಮತ್ತು ಎದೆಬಡಿತ. ಈ ಮಾತ್ರೆ ಆ ಎಚ್ಚರಿಕೆಯನ್ನೇ ಅಳಿಸಿಬಿಡುತ್ತದೆ. ಇವೆಲ್ಲ ನೋಡಿದ ಮೇಲೂ 10 ಮಿಲಿಗ್ರಾಂನಿಂದ ಶುರು, ಅದೂ ಕಾರ್ಯಕ್ರಮವಿಲ್ಲದ ಒಂದು ಸಾಮಾನ್ಯ ದಿನ, ಮನೆಯಲ್ಲಿ. ಪರೀಕ್ಷೆಯ ಬೆಳಿಗ್ಗೆ ಮೊದಲ ಬಾರಿ ನುಂಗಿ ತಲೆ ಸುತ್ತಿದರೆ ವೀಣೆ ಹಿಡಿಯುವುದು ಹೇಗೆ?

ಮಗಳನ್ನು ಒಮ್ಮೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಸುಮ್ಮನೆ ಕೂತಾಗಲೂ ಕೈ ನಡುಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಆಗಬೇಕು, ರಕ್ತಹೀನತೆ ಇದೆಯೇ ನೋಡಬೇಕು. ಇಲ್ಲವಾದರೆ ಇದು ಕಾಯಿಲೆಯಲ್ಲ, ರೂಢಿ ಸಾಲದಿರುವುದು. ಒಂದು ಅಭ್ಯಾಸ ಹೇಳುತ್ತೇನೆ. ಮೂರು ಮಹಡಿ ಮೆಟ್ಟಿಲನ್ನು ಬೇಗ ಹತ್ತಿ ಬಂದು, ಎದೆ ಹೊಡೆದುಕೊಳ್ಳುತ್ತಿರುವಾಗಲೇ ವೀಣೆಯ ಮುಂದೆ ಕೂತು ಆ ವರ್ಣವನ್ನೇ ನುಡಿಸಲಿ. (ಮೆಟ್ಟಿಲು ಹತ್ತಿದಾಗ ಉಬ್ಬಸ ಬರುವಂತಿದ್ದರೆ ಇದು ಬೇಡ.) ಓಡುವ ಎದೆಯೊಂದಿಗೂ ಬೆರಳು ಕೆಲಸ ಮಾಡುತ್ತದೆ ಎಂಬುದು ದೇಹಕ್ಕೆ ಗೊತ್ತಾಗಬೇಕು. ವಾರಕ್ಕೊಮ್ಮೆ ಪಕ್ಕದ ಮನೆಯವರನ್ನು ಕರೆದು ಕೂರಿಸಿ. ಉಸಿರನ್ನು ನಾಲ್ಕು ಎಣಿಸುತ್ತ ಒಳಗೆಳೆದು, ಆರು ಎಣಿಸುತ್ತ ಬಿಡುವುದನ್ನು ದಿನಾ ಹತ್ತು ನಿಮಿಷ ಮಾಡಲಿ. ಪರೀಕ್ಷೆಯ ದಿನ ಸ್ಟ್ರಾಂಗ್ ಫಿಲ್ಟರ್ ಕಾಫಿ ಬೇಡ, ಖಾಲಿ ಹೊಟ್ಟೆಯೂ ಬೇಡ.

ಪ್ರಶ್ನೆ: ನನ್ನ ಮಗ 16 ವರ್ಷದವನು, 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾನೆ. ಸ್ಪರ್ಧೆಯಲ್ಲಿ ಕೈ ಅಲುಗುತ್ತದೆ. ಅಭ್ಯಾಸಕ್ಕೆ ಬರುವ ಇನ್ನೊಬ್ಬ ಹುಡುಗನ ತಂದೆ, ತಾತನ ಬಿ.ಪಿ. ಮಾತ್ರೆಯಲ್ಲಿ ಅರ್ಧ ಕೊಟ್ಟರೆ ಸಾಕು ಎಂದರು. ಮನೆಯಲ್ಲಿ ಅಟೆನೊಲಾಲ್ ಇದೆ.
– ಕೊಡಿಗೇಹಳ್ಳಿಯ ಓದುಗರು

ಉತ್ತರ: ಆ ಸಲಹೆಯನ್ನು ಇಂದೇ ಮರೆತುಬಿಡಿ. ಅಟೆನೊಲಾಲ್ ಕೂಡ ಪ್ರೊಪ್ರನೊಲಾಲ್‌ನ ಜಾತಿಯದೇ, ಬೀಟಾ ಬ್ಲಾಕರ್. ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್. ಒಂದು ಎದೆಬಡಿತದ ಪೆಟ್ಟೇ ಗುರಿ ತಪ್ಪಿಸಲು ಸಾಕು. ಆ ಬಡಿತವನ್ನು ಮಾತ್ರೆಯಿಂದ ಇಳಿಸುವುದು ಇನ್ನೊಬ್ಬನ ಶ್ರಮಕ್ಕೆ ಮಾಡುವ ಮೋಸ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ‘ವಾಡಾ’ದ ನಿಯಮದಂತೆ ಶೂಟಿಂಗ್, ಆರ್ಚರಿಗಳಲ್ಲಿ ಬೀಟಾ ಬ್ಲಾಕರ್ ಸ್ಪರ್ಧೆ ಇಲ್ಲದ ದಿನವೂ ನಿಷಿದ್ಧ. ಬಿಲಿಯರ್ಡ್ಸ್, ಗಾಲ್ಫ್, ಡಾರ್ಟ್ಸ್‌ಗಳಲ್ಲಿ ಸ್ಪರ್ಧೆಯ ವೇಳೆ ನಿಷಿದ್ಧ.

2008ರ ಬೀಜಿಂಗ್ ಒಲಿಂಪಿಕ್ಸನ್ನು ನೆನೆಯಿರಿ. ಅಭಿನವ್ ಬಿಂದ್ರಾ ನಿಮ್ಮ ಮಗ ಆಡುವ ಇದೇ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಉತ್ತರ ಕೊರಿಯಾದ ಪಿಸ್ತೂಲು ಶೂಟರ್ ಕಿಮ್ ಜಾಂಗ್ ಸು ಒಂದು ಬೆಳ್ಳಿ, ಒಂದು ಕಂಚು ಗೆದ್ದು, ಮೂತ್ರದಲ್ಲಿ ಪ್ರೊಪ್ರನೊಲಾಲ್ ಸಿಕ್ಕಿ ಎರಡನ್ನೂ ಕಳೆದುಕೊಂಡರು. ‘ಅಪ್ಪ ಕೊಟ್ಟರು, ನನಗೆ ಗೊತ್ತಿರಲಿಲ್ಲ’ ಎಂದರೆ ಶಿಕ್ಷೆ ಕಡಿಮೆಯಾಗಬಹುದೇ ಹೊರತು ತಪ್ಪು ಅಳಿಯುವುದಿಲ್ಲ. ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಬೇಕೆಂದೇ ತೆಗೆದುಕೊಂಡದ್ದೆಂದು ಸಾಬೀತಾದರೆ ನಾಲ್ಕು ವರ್ಷದವರೆಗೆ ಆಟದಿಂದ ಹೊರಗಿಡಬಹುದು. ಹದಿನಾರರ ಹುಡುಗನಿಗೆ ನಾಲ್ಕು ವರ್ಷ ಎಂದರೆ ಕಾಲೇಜು ಮುಗಿಯುವಷ್ಟು ಕಾಲ. ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ‘ಇವನು ಶೂಟರ್’ ಎಂದು ಮೊದಲೇ ಹೇಳಿ. ಕೆಮ್ಮು, ನೆಗಡಿಗೂ ಅಷ್ಟೇ.

ಪ್ರಶ್ನೆ: ಆಫೀಸಿನಲ್ಲಿ ಪ್ರೆಸೆಂಟೇಶನ್ ಇದ್ದಾಗ ಆಲ್‌ಪ್ರಜೋಲಾಂ ತೆಗೆದುಕೊಳ್ಳುತ್ತಿದ್ದೆ. ಮೊದಲು ತಿಂಗಳಿಗೆರಡು ಇದ್ದದ್ದು ಈಗ ದಿನಾ ಒಂದಾಗಿದೆ. ನಿಲ್ಲಿಸಲೇ?
– ಯಲಹಂಕದ ಓದುಗರು

ಉತ್ತರ: ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ಇದು ಬೀಟಾ ಬ್ಲಾಕರ್ ಅಲ್ಲ, ಮಿದುಳನ್ನೇ ಮಂಕು ಮಾಡುವ, ಚಟ ಹಿಡಿಸುವ ಮಾತ್ರೆ. ನೆನಪನ್ನೂ ಕುಂದಿಸುತ್ತದೆ. ಪ್ರಮಾಣವನ್ನು ವಾರವಾರವೂ ಸ್ವಲ್ಪಸ್ವಲ್ಪವೇ ಇಳಿಸಬೇಕು, ಅದನ್ನು ಮನೋವೈದ್ಯರೇ ನೋಡಿ ಮಾಡಬೇಕು. ಈ ವಾರವೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಅದಕ್ಕೆ ಮೊದಲು ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.