ಗಿಲಾವು ಇಲ್ಲದ ಪ್ರಯೋಗಾಲಯ

ಪೋಲಿಯೊ ಲಸಿಕೆಯ ಜೋನಾಸ್ ಸಾಲ್ಕ್ ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಕಟ್ಟಿಸಿದ ಸಂಶೋಧನಾ ಸಂಸ್ಥೆಯ ವಾಸ್ತುಶಿಲ್ಪಿ ಲೂಯಿ ಕಾನ್. ಕಟ್ಟಡ ಮುಗಿದದ್ದು 1965ರಲ್ಲಿ. ಅಹಮದಾಬಾದಿನ ಐಐಎಂ ಕೂಡ ಇವರದೇ ವಿನ್ಯಾಸ.

ನಾನು ನೋಡಿದ್ದು ಚಿತ್ರ, ನಕ್ಷೆಗಳಲ್ಲಿ ಮಾತ್ರ. ಬಣ್ಣವಿಲ್ಲ, ಗಿಲಾವಿಲ್ಲ, ಬರೀ ಕಾಂಕ್ರೀಟು. ಸೆಂಟ್ರಿಂಗ್ ಕೆಲಸ ಮಾಡುವ ಅಬ್ಬಾಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಹಲಗೆ ಕೂಡಿದ ಗೆರೆ ಇಷ್ಟು ನೇರ ಬರಬೇಕಾದರೆ ಎಷ್ಟು ಜೋಪಾನ ಮಾಡಿರಬೇಕು! ನಮ್ಮ ಕೆಲಸವನ್ನೆಲ್ಲ ಗಿಲಾವು ಮುಚ್ಚಿಬಿಡುತ್ತದೆ" ಅಂದರು. ಕಾನ್ ಆ ಗೆರೆಗಳನ್ನು ಹಾಗೇ ಬಿಟ್ಟರು. ಹಲಗೆ ಬಿಗಿದ ತೂತುಗಳಿಗೆ ಸೀಸದ ಬಿರಡೆ ಹಾಕಿಸಿ, ಅವನ್ನೂ ಕಾಣುವಂತೆಯೇ ಉಳಿಸಿದರು. ಕಾಂಕ್ರೀಟಿನ ನಡುವೆ ತೇಗದ ಕಿಟಕಿಗಳು.

ವಿಜ್ಞಾನ ವಿಭಾಗದ ಗೆಳೆಯರು ಗಮನಿಸಬೇಕಾದದ್ದು ಒಳಗಿದೆ. ಪ್ರತಿ ಪ್ರಯೋಗಾಲಯದ ಮೇಲೂ ಕೊಳವೆ, ತಂತಿಗಳಿಗೆಂದೇ ಆಳು ನಿಂತು ಓಡಾಡುವಷ್ಟು ಎತ್ತರದ ಇನ್ನೊಂದು ಮಹಡಿ. ಭಾರ ಹೊರುವ ದೊಡ್ಡ ತೊಲೆಗಳೂ ಅಲ್ಲೇ ಇರುವುದರಿಂದ ಕೆಳಗೆ ನಡುಗಂಬಗಳಿಲ್ಲ. ಉಪಕರಣ ಬದಲಾದಾಗ ಗೋಡೆ ಒಡೆಯುವ ಗೋಜಿಲ್ಲ.

ನಡುವಿನ ಅಂಗಳಕ್ಕೆ ಟ್ರಾವರ್ಟೈನ್ ಕಲ್ಲು, ಕಡಲಿನತ್ತ ಹರಿಯುವ ಸಣ್ಣ ನೀರಿನ ಕಾಲುವೆ. ಗಿಡ ನೆಡಬೇಡಿ ಎಂದವರು ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿಸ್ ಬರಗಾನ್. ಅದೊಂದು ನನಗೆ ಒಪ್ಪಿಗೆಯಿಲ್ಲ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅಂಥ ಅಂಗಳ ದಾಟುವವರು ಯಾರು?