ಒಂದೇ ನೂಲಿನ ಕುಣಿಕೆಗಳು: ಹೆಣಿಗೆಯ ಕೂಟವನ್ನೂ ಸ್ನೇಹವನ್ನೂ ಕುರಿತ ಒಂದು ಪಾಠ

ಅಪೊಸ್ತಲರ ಕೃತ್ಯಗಳ ೯ನೆಯ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥಾ ಎಂಬ ಶಿಷ್ಯೆಯ ವೃತ್ತಾಂತವುಂಟು. ಗ್ರೀಕ್ ಭಾಷೆಯಲ್ಲಿ ಆಕೆಗೆ ದೊರ್ಕಳೆಂದು ಹೆಸರು. ಎರಡಕ್ಕೂ ಜಿಂಕೆಯೆಂದೇ ಅರ್ಥ. ಆಕೆಯು ರೋಗದಿಂದ ತೀರಿಕೊಂಡಾಗ, ಸಮೀಪದ ಲುದ್ದದಲ್ಲಿದ್ದ ಪೇತ್ರನನ್ನು ಕರೆಯಿಸಿದರು. ಅವನು ಮೇಲಂತಸ್ತಿನ ಕೋಣೆಗೆ ಬಂದಾಗ ಅಲ್ಲಿದ್ದ ವಿಧವೆಯರು ಆಕೆಯ ಗುಣಗಳನ್ನು ವರ್ಣಿಸುತ್ತಾ ನಿಲ್ಲಲಿಲ್ಲ. ಆಕೆಯು ತಮ್ಮೊಂದಿಗಿದ್ದಾಗ ಮಾಡಿದ ಅಂಗಿಗಳನ್ನು ತೋರಿಸಿ ಅತ್ತರು. ಮುಂದೆ ಪೇತ್ರನ ಪ್ರಾರ್ಥನೆಯಿಂದ ಆಕೆಯು ಮರಳಿ ಜೀವಿಸಿದ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಕಥೆಯಲ್ಲಿ ನಮ್ಮ ಕಣ್ಣಿಗೆ ಸುಲಭವಾಗಿ ಬೀಳದ ಮಾತೊಂದುಂಟು. ದೊರ್ಕಳು ದೂರದಲ್ಲಿ ಕುಳಿತು ಬಟ್ಟೆಗಳನ್ನು ಕಳುಹಿಸಿಕೊಟ್ಟವಳಲ್ಲ. ಆಕೆಯು ವಿಧವೆಯರೊಂದಿಗೆ ಇದ್ದವಳು. ಬಟ್ಟೆಯು ಮೈಗೆ ಬೆಚ್ಚಗಾಯಿತು. ಜೊತೆಯು ಮನಸ್ಸಿಗೆ ಬೆಚ್ಚಗಾಯಿತು. ಎರಡನೆಯದು ಇಲ್ಲದಿದ್ದರೆ ಆ ಕೋಣೆಯಲ್ಲಿ ಅಷ್ಟು ಕಣ್ಣೀರು ಹರಿಯುತ್ತಿರಲಿಲ್ಲ.

ಆಕೆಯ ಅಂಗಿಗಳು ನೇಯ್ದು ಹೊಲಿದವುಗಳೇ ಹೊರತು ಇಂದಿನ ಹೆಣಿಗೆಯವಲ್ಲ. ಆದರೂ ಕೈಕೆಲಸದಿಂದ ಸ್ನೇಹವು ಹುಟ್ಟುವ ಬಗೆಯನ್ನು ಅರಿಯಬೇಕಾದರೆ ಹೆಣಿಗೆಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ಆದುದರಿಂದ ಈ ಸ್ಮರಣ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಸ್ವಲ್ಪ ಹೊತ್ತು ಈ ಪಾಠದಲ್ಲಿ ಮನಸ್ಸಿಡಬೇಕೆಂದು ಬೇಡುತ್ತೇನೆ.

೧. ಹೆಣಿಗೆಯ ಸ್ವರೂಪ

ಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕು ಎಂಬ ಎರಡು ಬಗೆಯ ನೂಲುಗಳು ಒಂದನ್ನೊಂದು ಅಡ್ಡಹಾಯುತ್ತವೆ. ಕೈಹೆಣಿಗೆಯಲ್ಲಿ ಒಂದೇ ನೂಲು ಸಾಕು. ಆ ನೂಲನ್ನು ಕಡ್ಡಿಯ ಮೇಲೆ ಕುಣಿಕೆಗಳಾಗಿ ನಿಲ್ಲಿಸಿ, ಒಂದೊಂದು ಕುಣಿಕೆಯೊಳಗಿಂದ ಹೊಸ ಕುಣಿಕೆಯನ್ನು ಎಳೆಯುತ್ತಾ ಸಾಲಿನ ಮೇಲೆ ಸಾಲನ್ನು ಬೆಳೆಸುತ್ತೇವೆ. ಹೀಗೆ ಪ್ರತಿಯೊಂದು ಕುಣಿಕೆಯು ತನ್ನ ಕೆಳಗಿನದನ್ನು ಬಿಚ್ಚದಂತೆ ಹಿಡಿದಿದೆ; ಅದನ್ನು ಅದರ ಮೇಲಿನದು ಹಿಡಿದಿದೆ. ಕುಣಿಕೆಗಳು ಹಿಗ್ಗಿ ಕುಗ್ಗಬಲ್ಲವಾದುದರಿಂದ ಹೆಣೆದ ಬಟ್ಟೆಯು ಮೈಯ ಆಕಾರಕ್ಕೆ ಒಗ್ಗುತ್ತದೆ. ಕಾಲುಚೀಲಕ್ಕೂ ಕುಲಾವಿಗೂ ಇದು ಒಪ್ಪುವದು ಇದೇ ಕಾರಣದಿಂದ.

ಇದರ ಬಲವೇ ಇದರ ದೌರ್ಬಲ್ಯವೂ ಹೌದು. ಒಂದು ಕುಣಿಕೆಯು ಕಡ್ಡಿಯಿಂದ ಜಾರಿದರೆ ಅದು ಹಿಡಿದುಕೊಂಡಿದ್ದ ಕೆಳಗಿನ ಕುಣಿಕೆಯೂ ಸಡಿಲವಾಗುತ್ತದೆ. ಎಳೆತ ಬಿದ್ದರೆ ಏಣಿಯ ಮೆಟ್ಟಲುಗಳಂತೆ ಕೆಳತನಕ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಆದರೆ ಬೇಗನೆ ಕಂಡರೆ, ಕೊಕ್ಕೆಯುಳ್ಳ ಕಡ್ಡಿಯಿಂದ ಅದನ್ನು ಮೆಟ್ಟಲು ಮೆಟ್ಟಲಾಗಿ ಎತ್ತಿ ಪುನಃ ಸಾಲಿಗೆ ಸೇರಿಸಬಹುದು. ಅಲ್ಲಿ ಗುರುತೂ ಉಳಿಯುವದಿಲ್ಲ. ಇದನ್ನು ನೆನಪಿನಲ್ಲಿಡಿರಿ, ಪಾಠದ ಕೊನೆಯಲ್ಲಿ ಇದರಿಂದ ನಮಗೆ ಕೆಲಸವುಂಟು.

೨. ಪೂರ್ವಕಾಲದ ಕೂಟಗಳು

ಜರ್ಮನಿಯ ಹ್ಯಾಂಬರ್ಗ್ ನಗರದ ಚಿತ್ರಶಾಲೆಯಲ್ಲಿ ೧೪೦೦ರ ಸುಮಾರಿನ ಬುಕ್ಸ್‌ಟೆಹೂಡ್ ಯಜ್ಞವೇದಿಯ ಚಿತ್ರಫಲಕಗಳಿವೆ. ಅವುಗಳಲ್ಲೊಂದರಲ್ಲಿ ಮರಿಯಳು ನಾಲ್ಕು ಕಡ್ಡಿಗಳಿಂದ ಒಂದು ಪುಟ್ಟ ಅಂಗಿಯನ್ನು ಸುತ್ತುಸುತ್ತಾಗಿ ಹೆಣೆಯುತ್ತಿದ್ದಾಳೆ, ಮಗುವು ಬಳಿಯಲ್ಲಿದೆ, ದೇವದೂತರು ಶಿಲುಬೆಯನ್ನು ಹೊತ್ತು ಬಂದಿದ್ದಾರೆ. ಸುತ್ತಾಗಿ ಹೆಣೆದ ಅಂಗಿಗೆ ಹೊಲಿಗೆಯಿರುವದಿಲ್ಲ. ಯೋಹಾನನ ಸುವಾರ್ತೆಯ ೧೯ನೆಯ ಅಧ್ಯಾಯದಲ್ಲಿ ಸಿಪಾಯಿಗಳು ಹರಿಯದೆ ಚೀಟುಹಾಕಿದ ಹೊಲಿಗೆಯಿಲ್ಲದ ಅಂಗಿಯನ್ನು ಈ ಚಿತ್ರವು ನೆನಪಿಗೆ ತರುತ್ತದೆ. ತಾಯಿಯ ದಿನನಿತ್ಯದ ಕೈಕೆಲಸವನ್ನು ಇಷ್ಟು ಗೌರವದಿಂದ ಕಂಡ ಚಿತ್ರಗಳು ವಿರಳ.

ಇಂಗ್ಲೆಂಡಿನ ಉತ್ತರಭಾಗದ ಡೆಂಟ್ ಎಂಬ ಕಣಿವೆಯಲ್ಲಿ ೧೮ನೆಯ ಮತ್ತು ೧೯ನೆಯ ಶತಮಾನಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಕಾಲುಚೀಲಗಳನ್ನು ಹೆಣೆದು ಮಾರುತ್ತಿದ್ದರು. ಚಳಿಗಾಲದ ಸಂಜೆಗಳಲ್ಲಿ ಸರದಿಯ ಪ್ರಕಾರ ಒಬ್ಬರ ಮನೆಯಲ್ಲಿ ನೆರೆದು, ಒಂದೇ ಒಲೆಯ ಸುತ್ತ ಕುಳಿತು ಹೆಣೆಯುವದು ವಾಡಿಕೆಯಾಗಿತ್ತು. ಸೌದೆಯೂ ದೀಪವೂ ಉಳಿದವು. ಕಥೆಗಳೂ ಹಾಡುಗಳೂ ಬೆಳೆದವು. ಬಡತನದಿಂದ ಹುಟ್ಟಿದ ಕೂಟವು ಸ್ನೇಹದ ಕೂಟವಾಯಿತು.

ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಕವಿ ರಾಬರ್ಟ್ ಸದಿಯು ೧೮೩೪ರಿಂದ ಭಾಗಭಾಗವಾಗಿ ಪ್ರಕಟಿಸಿದ ‘ದಿ ಡಾಕ್ಟರ್’ ಎಂಬ ಗ್ರಂಥದಲ್ಲಿ ಇದೇ ಡೆಂಟಿನ ಇನ್ನೊಂದು ಕಥೆಯುಂಟು. ಹೆಣಿಗೆ ಕಲಿಯಲೆಂದು ಇಬ್ಬರು ಪುಟ್ಟ ಅಕ್ಕತಂಗಿಯರನ್ನು ದೂರದ ಊರಿನಿಂದ ಅಲ್ಲಿಗೆ ಕಳುಹಿಸಿದ್ದರು. ಹಗಲೂ ಸಂಜೆಯೂ ಹೆಣಿಗೆಯೇ. ಮನೆಯ ಹಂಬಲವನ್ನು ಕೇಳುವವರಿಲ್ಲ. ಕಡೆಗೆ ಆ ಮಕ್ಕಳು ಯಾರಿಗೂ ಹೇಳದೆ ಹೊರಟು, ಚಳಿಯಲ್ಲಿ ಕಾಲ್ನಡಿಗೆಯಿಂದಲೇ ತಮ್ಮ ಮನೆಯನ್ನು ಸೇರಿದರು. ಊರು ಅದೇ, ಕಡ್ಡಿ ಅದೇ, ನೂಲು ಅದೇ. ಆದರೂ ಒಬ್ಬರಿಗೆ ಹಬ್ಬವಾದದ್ದು ಇನ್ನೊಬ್ಬರಿಗೆ ಸೆರೆಯಾಯಿತು. ಸುತ್ತಲೂ ಜನರಿದ್ದ ಮಾತ್ರಕ್ಕೆ ಕೂಟವಾಗುವದಿಲ್ಲ. ಕುಳಿತವರ ಕೈಗಳನ್ನು ಮಾತ್ರ ನೋಡಿ ಮುಖಗಳನ್ನು ನೋಡದಿದ್ದರೆ ಅದು ಕಾರ್ಖಾನೆಯೇ ಸರಿ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಸ್ತ್ರೀಯರು ಬೆನ್ನಿನ ಬುಟ್ಟಿಯಲ್ಲಿ ಉರುವಲನ್ನು ಹೊತ್ತು ನಡೆಯುವಾಗಲೂ ಹೆಣೆಯುತ್ತಿದ್ದರು. ಮದುವೆಯ ಉಂಗುರದೊಳಗಿಂದ ಎಳೆಯಬಹುದಾದಷ್ಟು ನಯವಾದ ಅವರ ಶಾಲುಗಳು ಲೋಕಪ್ರಸಿದ್ಧವಾದವು. ಆದರೆ ವ್ಯಾಪಾರಿಗಳು ಅವರಿಗೆ ಹಣವನ್ನು ಕೊಡದೆ, ಚಹಾ, ಬಟ್ಟೆ ಮುಂತಾದ ಅಂಗಡಿಯ ಸರಕುಗಳನ್ನೇ ಕೊಡುತ್ತಿದ್ದರು. ಹಿಟ್ಟು ಬೇಕಾದವಳು ತನಗೆ ಸಿಕ್ಕಿದ ಚಹಾವನ್ನು ಮನೆಯಿಂದ ಮನೆಗೆ ಒಯ್ದು ಹಿಟ್ಟಿಗೆ ಬದಲಾಯಿಸಬೇಕಾಗಿತ್ತು. ೧೮೭೨ರಲ್ಲಿ ಸರಕಾರದ ವಿಚಾರಣೆಯಲ್ಲಿ ಆ ಸ್ತ್ರೀಯರೇ ಸಾಕ್ಷಿ ನುಡಿದರು. ಸ್ನೇಹದಿಂದ ಮಾಡಿದ ಕೆಲಸಕ್ಕೆ ಕೂಲಿಯಿಲ್ಲ, ಒಪ್ಪೋಣ. ಆದರೆ ಹೊಟ್ಟೆಗಾಗಿ ಹೆಣೆಯುವವಳ ಶ್ರಮವನ್ನು ಹವ್ಯಾಸವೆಂದು ಕರೆದು ಬೆಲೆಯಿಳಿಸುವದು ನ್ಯಾಯವಲ್ಲ. ಕೂಟವು ಈ ಎರಡನ್ನೂ ಬೇರೆಬೇರೆಯಾಗಿ ಕಾಣಬೇಕು.

ಇದು ಹೆಂಗಸರಿಗೆ ಮಾತ್ರ ಸೇರಿದ ವಿದ್ಯೆಯೆಂಬುದೂ ನಿಜವಲ್ಲ. ಪೆರು ದೇಶದ ಟಾಕಿಲೆ ದ್ವೀಪದಲ್ಲಿ ಗಂಡಸರೇ ಟೋಪಿಗಳನ್ನು ಹೆಣೆಯುತ್ತಾರೆ. ಅಲ್ಲಿಯ ಕೈಕೆಲಸವನ್ನು ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಗಂಡುಮಕ್ಕಳುಳ್ಳ ತಾಯಂದಿರು ಇದನ್ನು ಗಮನಿಸಲಿ.

೩. ಕೆಲಸವನ್ನು ಹಂಚಿಕೊಳ್ಳುವ ಬಗೆ

ಹನ್ನೆರಡು ಮಂದಿ ಸೇರಿ ಒಂದು ಮಗುವಿನ ಹೊದಿಕೆಯನ್ನು ಮಾಡುವರೆಂದು ಭಾವಿಸೋಣ. ಒಬ್ಬೊಬ್ಬರು ೬ ಅಂಗುಲದ ನಾಲ್ಕು ಚೌಕಗಳನ್ನು ಹೆಣೆದರೆ ಒಟ್ಟು ೪೮ ಚೌಕಗಳಾಗುವವು. ಅಗಲಕ್ಕೆ ೬, ಉದ್ದಕ್ಕೆ ೮ ಚೌಕಗಳನ್ನು ಜೋಡಿಸಿದರೆ ೩೬ ಅಂಗುಲ ಅಗಲ, ೪೮ ಅಂಗುಲ ಉದ್ದದ ಹೊದಿಕೆಯು ಸಿದ್ಧವಾಗುವದು. ಒಬ್ಬಳಿಗೆ ಬೆಟ್ಟವಾದ ಕೆಲಸವು ಹನ್ನೆರಡು ಮಂದಿಗೆ ಹಗುರವಾಗುವದು.

ಆದರೆ ಇಲ್ಲಿಯೇ ಮೊದಲನೆಯ ಮನಸ್ತಾಪವೂ ಹುಟ್ಟುವದುಂಟು. ಅಂಗುಲಕ್ಕೆ ೫ ಕುಣಿಕೆಗಳ ಲೆಕ್ಕದಲ್ಲಿ ಎಲ್ಲರೂ ೩೦ ಕುಣಿಕೆಗಳಿಂದ ಆರಂಭಿಸಿದರೆಂದು ಇಟ್ಟುಕೊಳ್ಳಿರಿ. ಒಬ್ಬಾಕೆಯ ಕೈ ಬಿಗಿ. ಆಕೆಗೆ ಅಂಗುಲಕ್ಕೆ ೬ ಕುಣಿಕೆಗಳು ಬೀಳುತ್ತವೆ. ಅದೇ ೩೦ ಕುಣಿಕೆಗಳು ಆಕೆಯ ಚೌಕದಲ್ಲಿ ೫ ಅಂಗುಲವನ್ನೇ ತುಂಬುತ್ತವೆ. ಒಂದು ಚೌಕದಲ್ಲಿ ಒಂದು ಅಂಗುಲದ ಕೊರತೆಯು ಅಲ್ಪವೆಂದು ತೋರಬಹುದು. ಆದರೆ ಅಂಥ ಆರು ಚೌಕಗಳ ಸಾಲು ಆರು ಅಂಗುಲ ಗಿಡ್ಡವಾಗಿ, ಹೊದಿಕೆಯೇ ಸೊಟ್ಟಗಾಗುವದು.

ಆಗ ಏನು ಮಾಡಬೇಕು? ಆಕೆಯನ್ನು ಆಕ್ಷೇಪಿಸಿ ಫಲವಿಲ್ಲ; ಕೈಯ ಬಿಗಿಯು ಬರವಣಿಗೆಯಂತೆ ಅವರವರಿಗೆ ಸಹಜವಾದದ್ದು. ಕಡ್ಡಿಯನ್ನು ಬದಲಾಯಿಸಬೇಕು. ಬಿಗಿಯಾಗಿ ಹೆಣೆಯುವವಳಿಗೆ ದಪ್ಪ ಕಡ್ಡಿಯನ್ನೂ, ಸಡಿಲವಾಗಿ ಹೆಣೆಯುವವಳಿಗೆ ಸಣ್ಣ ಕಡ್ಡಿಯನ್ನೂ ಕೊಟ್ಟರೆ ಎರಡೂ ಚೌಕಗಳು ಒಂದೇ ಅಳತೆಗೆ ಬರುವವು. ಇದಕ್ಕಾಗಿಯೇ ಅನುಭವಿಗಳು ಮೊದಲು ಒಂದು ಮಾದರಿ ತುಂಡನ್ನು ಹೆಣೆದು, ಅಳೆದು, ಆಮೇಲೆ ಕೆಲಸಕ್ಕೆ ಕೈಹಾಕುತ್ತಾರೆ. ಹಾಗೆಯೇ ಸಂಘದ ಕೆಲಸಗಳಲ್ಲಿಯೂ ಎಲ್ಲರ ಸ್ವಭಾವವನ್ನು ಒಂದೇ ಮಾಡಲು ಹೋಗುವವರು ಸಂಘವನ್ನು ಒಡೆಯುತ್ತಾರೆ. ಅವರವರ ಸ್ವಭಾವಕ್ಕೆ ತಕ್ಕ ಸಾಧನವನ್ನು ಕೊಡುವವರು ಅದನ್ನು ಉಳಿಸುತ್ತಾರೆ.

೪. ಮುಗಿಯದ ಕೆಲಸವನ್ನು ತೋರಿಸುವ ಧೈರ್ಯ

ಮುಗಿದ ಸ್ವೆಟರನ್ನು ತೋರಿಸಿ ಮೆಚ್ಚುಗೆ ಪಡೆಯುವದು ಸುಲಭ. ಅರ್ಧಕ್ಕೆ ನಿಂತ, ಎಲ್ಲಿಯೋ ತಪ್ಪಿದ, ಮೂರು ತಿಂಗಳಿನಿಂದ ಚೀಲದಲ್ಲಿ ಮುದುಡಿಕೊಂಡಿರುವ ಕೆಲಸವನ್ನು ಹೊರಗೆ ತೆಗೆಯುವದು ಕಷ್ಟ. ಆದರೆ ಸ್ನೇಹವು ಬೇರೂರುವದು ಇಂಥ ಕೆಲಸದ ಸುತ್ತಲೇ. ನನಗೆ ಇಲ್ಲಿಂದ ಮುಂದೆ ತಿಳಿಯದು ಎಂದು ಒಬ್ಬಳು ಹೇಳಿದ ಕ್ಷಣದಲ್ಲಿ, ಪಕ್ಕದವಳು ತನ್ನ ಕಡ್ಡಿಗಳನ್ನು ಕೆಳಗಿಟ್ಟು ಬಳಿಗೆ ಸರಿಯುತ್ತಾಳೆ.

ಹೀಗೆ ಸಹಾಯ ಮಾಡುವವರಿಗೂ ಒಂದು ನಿಯಮವುಂಟು. ತಪ್ಪನ್ನು ತೋರಿಸಿರಿ, ಆದರೆ ಕೆಲಸವನ್ನು ಕಸಿದುಕೊಳ್ಳಬೇಡಿರಿ. ಇನ್ನೊಬ್ಬರ ಕೈಯಿಂದ ಬಂದ ನಾಲ್ಕು ಸಾಲುಗಳು ಬಿಗಿಯ ಭೇದದಿಂದ ಬಟ್ಟೆಯಲ್ಲಿ ಬೇರೆಯಾಗಿಯೇ ಕಾಣುವವು. ಕಲಿಯುವವಳಿಗೂ ಅದರಿಂದ ವಿದ್ಯೆ ಬಾರದು. ಒಂದು ಬೇರೆ ತುಂಡಿನಲ್ಲಿ ಮಾಡಿ ತೋರಿಸಿ, ಆಕೆಯ ಕೆಲಸವನ್ನು ಆಕೆಯ ಕೈಯಲ್ಲಿಯೇ ಬಿಡುವದು ಉತ್ತಮ.

ಬಲೆಯಂಥ ನಯವಾದ ಶಾಲುಗಳನ್ನು ಹೆಣೆಯುವವರಲ್ಲಿ ಇನ್ನೊಂದು ಉಪಾಯವುಂಟು. ಸರಿಯಾಗಿದೆಯೆಂದು ಎಣಿಸಿ ನೋಡಿದ ಒಂದು ಸಾಲಿನ ಕುಣಿಕೆಗಳೆಲ್ಲದರೊಳಗೆ, ದಬ್ಬಣದಿಂದ ಬೇರೆ ಬಣ್ಣದ ನೂಲನ್ನು ಪೋಣಿಸಿಡುತ್ತಾರೆ. ಮುಂದೆ ತಪ್ಪಾಗಿ ಬಿಚ್ಚಬೇಕಾಗಿ ಬಂದರೆ, ಆ ನೂಲಿನವರೆಗೆ ಬಿಚ್ಚಿ ಅಲ್ಲಿ ನಿಲ್ಲಬಹುದು. ಅದರ ಕೆಳಗಿನದು ಕೆಡುವದಿಲ್ಲ. ಕೆಲಸವು ಮುಗಿದ ಮೇಲೆ ಆ ನೂಲನ್ನು ಎಳೆದು ತೆಗೆಯುವರು. ಶಾಲಿನಲ್ಲಿ ಅದರ ಗುರುತೂ ಇರುವದಿಲ್ಲ. ನಮ್ಮ ಬಾಳಿನಲ್ಲಿ ಇಂಥ ನೂಲಿನ ಕೆಲಸವನ್ನು ಮಾಡಿ ಹೆಸರಿಲ್ಲದೆ ಹೋದ ಗೆಳತಿಯರು ಎಷ್ಟು ಮಂದಿ ಎಂದು ಎಣಿಸಿಕೊಳ್ಳುವದು ಒಳ್ಳೆಯದು.

೫. ಕೊಡುವದರಲ್ಲಿ ವಿವೇಕ

ಹೆಣೆದುದನ್ನು ದಾನವಾಗಿ ಕೊಡುವ ಮುಂಚೆ ಪಡೆಯುವವರನ್ನು ಕೇಳಬೇಕು. ಮಡಿಕೇರಿಯ ಮಳೆಗಾಲದಲ್ಲಿ ಉಣ್ಣೆಯು ಬೇಕಾದೀತು. ರಾಯಚೂರಿನ ಬೇಸಿಗೆಯಲ್ಲಿ ಅದೇ ಉಣ್ಣೆಯು ಕೂಸಿಗೆ ಶಿಕ್ಷೆಯಾದೀತು. ಅಲ್ಲಿ ಹತ್ತಿಯ ನೂಲು ಲೇಸು. ಕೂಸಿನ ಬಟ್ಟೆಯಲ್ಲಿ ಬೆರಳುಗಳು ಸಿಕ್ಕಿಕೊಳ್ಳುವ ದೊಡ್ಡ ರಂಧ್ರಗಳಿರಬಾರದು. ಕಿತ್ತು ಬಾಯಿಗೆ ಹಾಕಿಕೊಳ್ಳಬಹುದಾದ ಗುಂಡಿಗಳಿರಬಾರದು. ಬಿಸಿನೀರಿನಲ್ಲಿ ಒಗೆದರೆ ಕುಗ್ಗುವ ಉಣ್ಣೆಯನ್ನು, ಒಗೆಯುವ ಕ್ರಮವನ್ನು ತಿಳಿಸದೆ ಕೊಡಬಾರದು. ನಮಗೆ ಹೆಣೆಯಲು ಇಷ್ಟವಾದದ್ದನ್ನಲ್ಲ, ಅವರಿಗೆ ತೊಡಲು ಬೇಕಾದದ್ದನ್ನು ಕೊಡುವದೇ ದೊರ್ಕಳ ಮಾರ್ಗವು. ಆಕೆಯು ವಿಧವೆಯರೊಂದಿಗೆ ಇದ್ದುದರಿಂದ ಅವರ ಅಳತೆಗಳನ್ನು ಬಲ್ಲವಳಾಗಿದ್ದಳು.

೬. ಜಾರಿದ ಕುಣಿಕೆ

ಇಂದು ಯಂತ್ರಗಳು ಕ್ಷಣಮಾತ್ರದಲ್ಲಿ ಕಾಲುಚೀಲಗಳನ್ನು ಹೆಣೆದು ಅಗ್ಗದ ಬೆಲೆಗೆ ಕೊಡುತ್ತವೆ. ವಿಲಿಯಮ್ ಲೀ ಎಂಬವನು ಇಂಗ್ಲೆಂಡಿನಲ್ಲಿ ಹೆಣಿಗೆಯ ಯಂತ್ರವನ್ನು ಕಲ್ಪಿಸಿದ್ದು ೧೫೮೯ರಲ್ಲಿ. ಅಂದಿನಿಂದಲೂ ಕೈಹೆಣಿಗೆಯು ಇನ್ನು ಯಾತಕ್ಕೆ ಎಂಬ ಪ್ರಶ್ನೆಯುಂಟು. ಬಟ್ಟೆಯು ಮಾತ್ರ ಬೇಕಾದವರಿಗೆ ಅದು ಬೇಕಾಗಿಲ್ಲವೆಂದೇ ಉತ್ತರ. ಆದರೆ ಕೈಗಳು ಕೆಲಸದಲ್ಲಿರುವಾಗ ಬಾಯಿಗೆ ಅವಸರವಿರುವದಿಲ್ಲ. ಕಣ್ಣುಗಳು ಕಡ್ಡಿಯ ಮೇಲಿರುವಾಗ, ಎದುರುನೋಟದಲ್ಲಿ ಹೇಳಲಾರದ ದುಃಖವನ್ನು ಮೆಲ್ಲನೆ ಹೇಳಬಹುದು. ಮೌನವಾಗಿ ಕುಳಿತರೂ ಅದು ಯಾರಿಗೂ ಭಾರವಾಗುವದಿಲ್ಲ. ಇಂಥ ಒಂದು ಗಂಟೆಯನ್ನು ಹೆಣೆದುಕೊಡುವ ಯಂತ್ರವು ಇನ್ನೂ ಹುಟ್ಟಿಲ್ಲ.

ಪ್ರಿಯ ಸಹೋದರಿಯರೇ, ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ನಾವು ಮದುವೆ, ಉದ್ಯೋಗ, ಊರಿನ ಬದಲಾವಣೆ ಎಂಬ ಕಾರಣಗಳಿಂದ ಚದರಿಹೋಗುತ್ತೇವೆ. ಕೆಲವರು ಬರೆಯುವದನ್ನು ನಿಲ್ಲಿಸುತ್ತಾರೆ. ಗಂಡನನ್ನು ಕಳೆದುಕೊಂಡವಳು, ಮಗುವನ್ನು ಕಳೆದುಕೊಂಡವಳು, ಕೈಯಲ್ಲಿ ಕಾಸಿಲ್ಲದೆ ನಾಚುವವಳು ಕೂಟಕ್ಕೆ ಬಾರದೆ ಉಳಿಯುತ್ತಾಳೆ. ಆಕೆಗೆ ಗರ್ವವೆಂದು ನಾವು ಎಣಿಸುತ್ತೇವೆ. ಅದು ಗರ್ವವಲ್ಲ, ಕುಣಿಕೆಯು ಜಾರಿದೆ, ಅಷ್ಟೇ. ಒಂದು ಸಾಲು ಕೆಳಗಿರುವಾಗಲೇ ಎತ್ತಿದರೆ ಗುರುತೂ ಉಳಿಯದು. ಹತ್ತು ವರುಷ ತಡೆದರೆ ಏಣಿಯು ಉದ್ದವಾಗುವದು. ಆಗಲೂ ಎತ್ತಬಹುದು, ಆದರೆ ತಾಳ್ಮೆಯು ಹೆಚ್ಚು ಬೇಕು.

ಆದುದರಿಂದ ನಿಮ್ಮ ನಿಮ್ಮ ಊರುಗಳಲ್ಲಿ ನಾಲ್ಕು ಮಂದಿಯಾದರೂ ಸರಿ, ತಿಂಗಳಿಗೊಂದು ಸಂಜೆ ಸೇರಿರಿ. ಮನೆಗಳು ಸರದಿಯ ಪ್ರಕಾರವಿರಲಿ. ಉಪಚಾರವು ಒಂದು ಲೋಟ ಕಾಫಿಯನ್ನು ಮೀರದಿರಲಿ, ಯಾಕಂದರೆ ತಿಂಡಿಯ ಸ್ಪರ್ಧೆಯು ಬಡವಳನ್ನು ಮನೆಯಲ್ಲೇ ಉಳಿಸುತ್ತದೆ. ನೂಲು ಕೊಳ್ಳಲಾರದವಳಿಗೆ, ಹಳೆಯ ಸ್ವೆಟರನ್ನು ಬಿಚ್ಚಿ ತೊಳೆದು ಸುತ್ತಿದ ಉಂಡೆಯನ್ನು ಕೂಟದ ಸೊತ್ತಾಗಿ ಕೊಡಿರಿ. ಬಿಚ್ಚಿದ ನೂಲು ಪುನಃ ಬಟ್ಟೆಯಾಗುವದು ಹೆಣಿಗೆಗಿರುವ ದೊಡ್ಡ ಭಾಗ್ಯ. ಬಾರದವಳ ಮನೆಗೆ ಯಾರಾದರೂ ಒಬ್ಬರು ತಮ್ಮ ಕೆಲಸದ ಚೀಲದೊಂದಿಗೆ ಹೋಗಿ ಕುಳಿತುಕೊಳ್ಳಿರಿ. ಏಕೆ ಬರಲಿಲ್ಲವೆಂದು ಕೇಳಬೇಡಿರಿ. ಕಡ್ಡಿಗಳನ್ನು ಹೊರಗೆ ತೆಗೆದು, ಈ ಸಾಲನ್ನು ಸ್ವಲ್ಪ ಎಣಿಸಿಕೊಡುತ್ತೀಯಾ ಎಂದು ಮಾತ್ರ ಕೇಳಿರಿ. ಉಳಿದದ್ದು ತಾನಾಗಿ ಬರುವದು.